ಪದಚರ್ಚೆ: ತುಕ್ಕೂ ಅಲ್ಲ, ಕಿಲುಬೂ ಅಲ್ಲ – ‘ಪಟೀನಾ’ಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೇ ಗಾಡಿಯ ಮೈಮೇಲೆ ಕಾಲ ಮೂಡಿಸಿದ, ಜನ ಮೆಚ್ಚುವ ಮಾಸಿದ ನೋಟಕ್ಕೆ ಇಂಗ್ಲಿಷಿನಲ್ಲಿ ‘ಪಟೀನಾ’ ಅನ್ನುತ್ತಾರೆ. ಅದಕ್ಕೆ ನನಗೊಂದು ಕನ್ನಡ ಪದ ಬೇಕಾಗಿದೆ. ಹಿನ್ನೆಲೆ ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ನನ್ನೂರು ತಿಪಟೂರು, ಈಗ ಇರುವುದು ಅಮೆರಿಕದ ಓಹಾಯೋದಲ್ಲಿ. ಹೋದ ವರ್ಷ ಒಂದು ಹಳೇ ಪಿಕಪ್ ಟ್ರಕ್ ಕೊಂಡೆ. 1972ರ ಷೆವ್ರೊಲೆ ಸಿ-10. ಆರು ಸಿಲಿಂಡರಿನ 4.1 ಲೀಟರ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಮೂರು ಗೇರಿನ ಕಡ್ಡಿ, ಬೆಂಚಿನಂಥ ಒಂದೇ ಉದ್ದ ಸೀಟು. ಅಂಬಾಸಡರ್ ಓಡಿಸಿದವರಿಗೆ ಆ ಗೇರು ಹೊಸದೇನಲ್ಲ. ಓಡುತ್ತದೆ, ಆದರೆ ದಿಬ್ಬ ಕಂಡರೆ ಉಸಿರು ಬಿಡುತ್ತದೆ. ಒಟ್ಟಿನಲ್ಲಿ ನನ್ನ ಪಿಕಪ್‌ಗೆ ಪಿಕಪ್ ಇಲ್ಲ! (ವೇಗ ಹಿಡಿಯುವುದಕ್ಕೂ ‘ಪಿಕಪ್’ ಅನ್ನುತ್ತೇವಲ್ಲ.)

ಗಾಡಿ ಸಿಕ್ಕಿದ್ದು ನ್ಯೂ ಮೆಕ್ಸಿಕೋದಲ್ಲಿ, ಒಬ್ಬ ರೈತರ ಶೆಡ್ಡಿನಲ್ಲಿ. ಅಷ್ಟು ದೂರ ಹೋದದ್ದಕ್ಕೆ ಕಾರಣವಿದೆ. ಓಹಾಯೋದಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಗಾಡಿಯ ಕೆಳಗೆ ಸೇರಿ ತಗಡನ್ನು ತಿಂದುಬಿಡುತ್ತದೆ. ಇಲ್ಲಿಯ ಐವತ್ತು ವರ್ಷದ ಗಾಡಿಗಳಲ್ಲಿ ಬಾಗಿಲ ಕೆಳಗಿನ ಪಟ್ಟಿ, ಕ್ಯಾಬಿನ್ನಿನ ಹಿಂದಿನ ಮೂಲೆಗಳು, ಮಡ್‌ಗಾರ್ಡಿನ ತಳ ಇವೆಲ್ಲ ಉಳಿದಿರುವುದೇ ಅಪರೂಪ. ನ್ಯೂ ಮೆಕ್ಸಿಕೋ ಒಣಭೂಮಿ. ಅಲ್ಲಿ ಬಿಸಿಲು ಪೇಂಟನ್ನು ತಿನ್ನುತ್ತದೆ, ತಗಡನ್ನು ಬಿಡುತ್ತದೆ.

ಮಾರಾಟದ ಜಾಹೀರಾತಿನಲ್ಲಿ ಎರಡು ಮಾತಿತ್ತು. ಒಂದು ‘ಸರ್ವೈವರ್’, ಇನ್ನೊಂದು ‘ಗ್ರೇಟ್ ಪಟೀನಾ’. ಗಾಡಿ ಮನೆಗೆ ಬಂದ ದಿನ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಐದು ನಿಮಿಷಕ್ಕೇ ಫೋನ್ ಬಂತು. “ಏನೋ ಇದು, ಅಷ್ಟು ದುಡ್ಡು ಕೊಟ್ಟು ತುಕ್ಕು ಹಿಡಿದಿರೋದನ್ನ ತಗೊಂಡಿದೀಯ? ಅಲ್ಲಿ ಪೇಂಟ್ ಹೊಡೆಯೋರು ಯಾರೂ ಇಲ್ವಾ?”

“ಅಪ್ಪಾ, ಅದು ತುಕ್ಕಲ್ಲ, ಅದು...” ಅಂದೆ. ಮುಂದೆ ಪದವೇ ಸಿಗಲಿಲ್ಲ. ಅದೇ ನನ್ನ ಪ್ರಶ್ನೆ.

ವಸ್ತು ಏನೆಂದು ಮೊದಲು ಹೇಳುತ್ತೇನೆ. ಆ ಕಾಲದ ಪೇಂಟಿನ ಮೇಲೆ ಈಗಿನ ಹಾಗೆ ಗಾಜಿನಂಥ ಪಾರದರ್ಶಕ ಪದರ ಇರುತ್ತಿರಲಿಲ್ಲ. ಬಣ್ಣವೇ ಹೊರಗಿನ ಪದರ. ಐವತ್ತು ವರ್ಷ ಬಿಸಿಲು ಬಿದ್ದು, ಸಾವಿರ ಸಲ ಒರೆಸಿ, ಟಾಪು ಮತ್ತು ಬಾನೆಟ್ಟಿನ ಮೇಲೆ ಹಸಿರು ಬಣ್ಣ ತೆಳುವಾಗಿದೆ. ಕೆಲವು ಕಡೆ ಕೆಳಗಿನ ಪ್ರೈಮರ್ ಕಾಣುತ್ತದೆ. ಇನ್ನೂ ಕೆಲವು ಕಡೆ ತಗಡೇ ಕಂಡು ಕಂದು ಬಣ್ಣಕ್ಕೆ ತಿರುಗಿದೆ. ಬಾಗಿಲ ಮೇಲೆ ಯಾವುದೋ ಮೇವಿನಂಗಡಿಯ ಹೆಸರು, ಅರ್ಧ ಅಳಿಸಿದೆ. ಚಾಲಕ ಮೊಣಕೈ ಊರುವ ಕಿಟಕಿಯ ಅಂಚು ಬೆಳ್ಳಗೆ ನುಣುಪಾಗಿದೆ. ಹಳೇ ಗಾಡಿಯವರು ಈ ಒಟ್ಟು ನೋಟಕ್ಕೆ ಪಟೀನಾ ಅನ್ನುತ್ತಾರೆ. ಇದು ಕುಂದಲ್ಲ, ಮೆಚ್ಚುಗೆ. ಇದಕ್ಕೇ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಮೇಲೆ ಹೊಸ ಬಣ್ಣ ಬಳಿದರೆ ಇದು ಹೋಯಿತು, ಮತ್ತೆ ತರಲಾಗುವುದಿಲ್ಲ.

ಈಗ ಪದಗಳು.

‘ತುಕ್ಕು’ ಆಗುವುದಿಲ್ಲ. ತುಕ್ಕು ಅಂದರೆ ಹಾಳು. ತಲೆಗೆ ತುಕ್ಕು ಹಿಡಿದಿದೆ ಅಂತ ಬೈಯುತ್ತೇವೆ. ಉತ್ತರ ಕರ್ನಾಟಕದ ‘ಜಂಗು’ ಕೂಡ ಅದೇ ದಾರಿ.

‘ಕಿಲುಬು’ ಹತ್ತಿರ ಬರುತ್ತದೆ. ಪಟೀನಾ ಮೊದಲು ಬಳಕೆಗೆ ಬಂದದ್ದು ಹಳೆಯ ಕಂಚಿನ ಮೇಲಿನ ಹಸಿರು ಪದರಕ್ಕೇ. ನಮ್ಮಲ್ಲಿ ತಾಮ್ರ ಹಿತ್ತಾಳೆಯ ಮೇಲೆ ಕೂರುವುದು ಕಿಲುಬು. ವಸ್ತು ಒಂದೇ, ಮರ್ಯಾದೆ ಬೇರೆ. ಕನ್ನಡದಲ್ಲಿ ಕಿಲುಬಿಗೆ ಮರ್ಯಾದೆಯೇ ಇಲ್ಲ. ‘ಕಿಲುಬು ಕಾಸಿನ ಬೆಲೆಯಿಲ್ಲ’ ಅನ್ನುತ್ತೇವಲ್ಲ. ಕಿಲುಬು ಕಂಡರೆ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರಲ್ಲಿ ನಿಂತಾಗ ತಾಮ್ರದ ಬಣ್ಣವೇ ಇತ್ತು, ಆಮೇಲೆ ಹಸಿರಾಯಿತು. 1906ರಲ್ಲಿ ಅದಕ್ಕೆ ಪೇಂಟ್ ಹೊಡೆಯುವ ಮಾತು ಬಂದಾಗ ಜನರೇ ಬೇಡವೆಂದರು. ನಮ್ಮಜ್ಜಿ ಇದ್ದಿದ್ದರೆ ಒಂದು ಮೂಟೆ ಹುಣಸೆಹಣ್ಣು ತರಿಸುತ್ತಿದ್ದರು.

ಇಲ್ಲಿ ಒಂದು ತೊಡಕಿದೆ, ಪದಕ್ಕೂ ಸಂಬಂಧಿಸಿದ್ದು. ತಾಮ್ರದ ಹಸಿರು ಪದರ ಒತ್ತಾಗಿ ಅಂಟಿಕೊಂಡು ಕೆಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಆದ್ದರಿಂದ ಉಬ್ಬಿ, ಹಕ್ಕಳೆಯೆದ್ದು ಉದುರಿ, ಹೊಸ ಕಬ್ಬಿಣವನ್ನು ಗಾಳಿಗೂ ನೀರಿಗೂ ತೆರೆದಿಡುತ್ತದೆ. ಹಾಗಾಗಿ ಟ್ರಕ್ಕಿನ ಪಟೀನಾ ತನ್ನಷ್ಟಕ್ಕೆ ತಾನು ಉಳಿಯುವುದಿಲ್ಲ. ಉಳಿಸಬೇಕು. ಇಲ್ಲಿ ಹಲವರು ಮಾಡುವ ಹಾಗೆ ನಾನೂ ಗಾಡಿಯ ಮೈ ತೊಳೆದು, ಒಣಗಿಸಿ, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿದೆ. ಅಗಸೆ ಎಣ್ಣೆ ತೆಂಗಿನೆಣ್ಣೆಯ ಹಾಗೆ ಜಿಡ್ಡಾಗಿಯೇ ಉಳಿಯುವುದಿಲ್ಲ. ಗಾಳಿಗೆ ಗಟ್ಟಿಯಾಗಿ ಪದರವಾಗುತ್ತದೆ. (ಆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು.) ಈ ಎಣ್ಣೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

‘ಕಂದು’ ನನಗೆ ಇಷ್ಟವಾಯಿತು. ಕಂದು ಅಂದರೆ ಆ ಬಣ್ಣ, ಕಂದು ಅಂದರೆ ಬಾಡು ಕೂಡ. ಒಂದೇ ಪದದಲ್ಲಿ ಎರಡೂ ಸಿಗುತ್ತವೆ. ಆದರೆ ಕಂದಿದ್ದು ಮುಖವಾಗಲಿ ಹೂವಾಗಲಿ ಅಲ್ಲಿ ಬೇಸರವೇ ಇರುತ್ತದೆ. ‘ಮಾಸಲು’ ಅಂದರೆ ಒಗೆಯಬೇಕಾದ ಬಟ್ಟೆ. ‘ಸವಕಲು’ ಅಂದರೆ ಎಲ್ಲರೂ ಬೇಡವೆನ್ನುವ ನಾಣ್ಯ. ನಮ್ಮ ಭಾಷೆಗೆ ಹಳತಾಗುವುದರ ಮೇಲೆ ಅಷ್ಟು ಸಿಟ್ಟು ಯಾಕೋ!

ಗೆಳೆಯನೊಬ್ಬ ‘ಹಳಗಳೆ’ ಅಂದ. ಹಳೆ ಮತ್ತು ಕನ್ನಡ ಸೇರಿದರೆ ಹಳಗನ್ನಡ, ಹಾಗೇ ಹಳೆ ಮತ್ತು ಕಳೆ ಸೇರಿದರೆ ಹಳಗಳೆ. ವ್ಯಾಕರಣ ಸರಿ. ಮುಖದಲ್ಲಿ ಕಳೆಯಿದೆ ಅನ್ನುವಾಗಿನ ಕಳೆ, ಅರ್ಥವೂ ಚೆಂದ. ಆದರೆ ರೈತರ ಕಿವಿಗೆ ಹೊಲದ ಕಳೆಯೇ ಮೊದಲು ಕೇಳುತ್ತದೆ. ಸಂಧಿಯಾದ ಮೇಲಂತೂ ಯಾರೋ ಹಳೇ ಗಳ ಮಾರುತ್ತಿದ್ದಾರೆ ಅನ್ನಿಸುತ್ತದೆ. ಬೇಡ ಅಂದೆ. ಅವನಿಗೆ ಇನ್ನೂ ಕೋಪವಿದೆ.

ಇನ್ನು ‘ಸರ್ವೈವರ್’. ಗಾಡಿಗಳ ಮಾತಿನಲ್ಲಿ ಇದು ಬಿಚ್ಚಿ ಹೊಸದು ಮಾಡದೆ, ಕಾರ್ಖಾನೆಯಿಂದ ಬಂದದ್ದು ಬಂದಂತೆಯೇ ಬಹುಪಾಲು ಉಳಿದಿರುವ ಗಾಡಿ. ‘ಬದುಕುಳಿದ’ ಅಂದರೆ ಪತ್ರಿಕೆಯ ಅಪಘಾತ ಸುದ್ದಿ. ಇದಕ್ಕೆ ನಮ್ಮ ‘ಜತನ’ ಸಾಕಲ್ವಾ? ಸಂಸ್ಕೃತದ ಯತ್ನ ನಮ್ಮಲ್ಲಿ ಜತನವಾಗಿ, ಪ್ರಯತ್ನ ಅನ್ನುವ ಅರ್ಥ ಕಳಚಿ, ಎಚ್ಚರದಿಂದ ಕಾಪಾಡುವುದಾಯಿತು. ಜತನದ ಗಾಡಿ. ಕೇಳಿದ ಕೂಡಲೇ ತಿಳಿಯುತ್ತದೆ. ನನ್ನ ಗಾಡಿಯ ಡ್ಯಾಶಿನ ಖಾನೆಯೊಳಗೆ ಕಾರ್ಖಾನೆ ಅಂಟಿಸಿದ ಭಾಗಗಳ ಪಟ್ಟಿ ಇನ್ನೂ ಇದೆ. ಕಾರ್ಖಾನೆಯೇ ಗಾಡಿಗೆ ಕೊಟ್ಟ ಸಂಖ್ಯೆಯಲ್ಲಿ ‘ಝೆಡ್’ ಅಕ್ಷರವಿದೆ. ಅಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜೋಡಿಸಿದ್ದು. ಆ ಕಾರ್ಖಾನೆಯಲ್ಲಿ ಈಗ ಟೆಸ್ಲಾ ತಯಾರಾಗುತ್ತದೆ. ನಮ್ಮವರು ಸಾಕಷ್ಟಿರುವ ಊರು, ನೀವೂ ಅದರ ಮುಂದೆ ಹಾದುಹೋಗಿರುತ್ತೀರಿ.

ಕೊಳ್ಳುವ ಮುಂಚೆ ಫ್ರಿಜ್ಜಿನ ಮೇಲೆ ಅಂಟಿಸುವ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಯೆಲ್ಲ ಆಡಿಸಿದೆ. ತಗಡಿದ್ದರೆ ಹಿಡಿಯುತ್ತದೆ, ಪುಟ್ಟಿ ತುಂಬಿದ್ದರೆ ಜಾರುತ್ತದೆ. ಎಲ್ಲ ಕಡೆ ಹಿಡಿಯಿತು. ಕಾಲ ಕೆಳಗಿನ ರಬ್ಬರ್ ಮ್ಯಾಟ್ ಎತ್ತಿ ನೋಡುವುದನ್ನು ಮಾತ್ರ ಮರೆತೆ. ಮನೆಗೆ ತಂದು ಎತ್ತಿದರೆ ಅಂಗೈಯಗಲ ತೂತು. ಅದು ಪಟೀನಾ ಅಲ್ಲ ಸ್ವಾಮಿ, ಅಪ್ಪಟ ತುಕ್ಕು. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ.

ರಿಪೇರಿ ಅಂದೆನಲ್ಲ, ಅಲ್ಲೂ ಒಂದು ಗೊಂದಲವಿದೆ. ಬ್ರೇಕಿನ ರಬ್ಬರ್ ಪೈಪು, ಮಾಸ್ಟರ್ ಸಿಲಿಂಡರ್, ಟೈರು ಎಲ್ಲ ಹೊಸದು ಹಾಕಿಸಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪೆಟ್ರೋಲ್ ಟ್ಯಾಂಕನ್ನೂ ಇಳಿಸಿ ತೊಳೆದೆ. ಈ ಮಾದರಿಯಲ್ಲಿ ಟ್ಯಾಂಕು ಇರುವುದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನ ಹಿಂದೆ! 1973ರ ಹೊಸ ಮಾದರಿಯಲ್ಲಿ ಅದನ್ನು ಹೊರಗೆ ಹಾಕಿದರು. ಇದೆಲ್ಲ ‘ರಿಪೇರಿ’ ಅಥವಾ ‘ದುರಸ್ತಿ’. ಸರಿ. ಆದರೆ ಇನ್ನೊಂದು ಪಂಥದವರು ಗಾಡಿಯ ಒಂದೊಂದು ಬೋಲ್ಟೂ ಬಿಚ್ಚಿ, ಬಣ್ಣ ಕೆರೆದು, ಹೊಸದರ ಹಾಗೆ ಮಾಡುತ್ತಾರೆ. ಅದಕ್ಕೆ ‘ರಿಪೇರಿ’ ಸಾಲದು. ನಮ್ಮಲ್ಲಿ ಒಂದು ಪದ ಸಿದ್ಧವಾಗಿಯೇ ಇದೆ: ಜೀರ್ಣೋದ್ಧಾರ. ಊರ ದೇವಸ್ಥಾನಕ್ಕೆ ಹೇಳುವ ಮಾತನ್ನು ಟ್ರಕ್ಕಿಗೆ ಹೇಳಿದರೆ ನಗು ಬರುತ್ತದೆ. ಆದರೆ ಎರಡು ಕಡೆಯೂ ಆಗುವುದು ಒಂದೇ ಅಲ್ವಾ? ಹಳೇ ಕಲ್ಲುಗೋಡೆಗೆ ಮಿರಿಮಿರಿ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಗ್ರಾನೈಟ್ ಹಾಸಿದ ಜೀರ್ಣೋದ್ಧಾರಗಳನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ನನಗೆ ಆ ಪದ ತುಂಬ ಸರಿ ಅನ್ನಿಸುತ್ತದೆ.

ಹಿಂದೆ ಸರಕು ಹಾಕುವ ಜಾಗಕ್ಕೆ ಇಲ್ಲಿ ‘ಬೆಡ್’ ಅನ್ನುತ್ತಾರೆ. ನಾನು ‘ತೊಟ್ಟಿ’ ಅನ್ನುತ್ತಿದ್ದೇನೆ. ಮೇಲೆ ತೆರೆದಿದೆ, ನಾಲ್ಕು ಕಡೆ ಗೋಡೆಯಿದೆ, ತೊಟ್ಟಿ ಮನೆಯ ತೊಟ್ಟಿಯ ಹಾಗೆ. ಎಂಟಡಿ ಉದ್ದ, ನೆಲಕ್ಕೆ ಮರದ ಹಲಗೆ. ಉತ್ತರ ಕರ್ನಾಟಕದಲ್ಲಿ ಟ್ರ್ಯಾಕ್ಟರಿನ ಹಿಂದಿನದಕ್ಕೆ ‘ಡಬ್ಬಿ’ ಅನ್ನುವುದು ಕೇಳಿದ್ದೇನೆ. ಇದರ ಬಗ್ಗೆ ನನಗೆ ಹಟವಿಲ್ಲ.

ಮತ್ತೆ ಪಟೀನಾಕ್ಕೆ ಬರುತ್ತೇನೆ. ಉತ್ತರ ಸಿಕ್ಕಿತು ಅನ್ನಿಸಿದ್ದು ಗ್ಯಾರೇಜಿನಲ್ಲಲ್ಲ, ಅಡುಗೆಮನೆಯಲ್ಲಿ. ಅಮ್ಮ ಮೂರು ತಿಂಗಳು ಇಲ್ಲಿದ್ದು ಹೋದರು. ಬರುವಾಗ ಸೂಟ್‌ಕೇಸಿನಲ್ಲಿ ಕಬ್ಬಿಣದ ದೋಸೆ ಕಾವಲಿ ತಂದಿದ್ದರು. ಒಂದು ರಾತ್ರಿ ನಾನು ಪಾತ್ರೆಗಳ ಜೊತೆ ಅದನ್ನೂ ಸೋಪು ಹಾಕಿ ಉಜ್ಜಲು ಹೊರಟೆ. ಅಮ್ಮ ಓಡಿ ಬಂದು ಕೈಯಿಂದ ಕಿತ್ತುಕೊಂಡರು. “ಇಪ್ಪತ್ತು ವರ್ಷದಿಂದ ಪಳಗಿರೋ ಕಾವಲಿ ಇದು. ಉಜ್ಜಿ ಬೆಳ್ಳಗೆ ಮಾಡ್ತೀಯಾ?”

ಪಳಗಿರೋ ಕಾವಲಿ! ಬಳಸಿ ಬಳಸಿ ಮೇಲೆ ಬಂದ ಕಪ್ಪು, ನಯ. ಅದು ಕೊಳೆಯಲ್ಲ, ಅದೇ ಅದರ ಬೆಲೆ. ಉಜ್ಜಿದರೆ ಹೋಗುತ್ತದೆ. ಇದು ಪಟೀನಾ ಅಲ್ಲದೆ ಇನ್ನೇನು? ಅಲ್ಲಿ ನಡೆಯುವುದೂ ನನ್ನ ಬಾನೆಟ್ಟಿನ ಮೇಲೆ ನಡೆಯುವುದೇ. ಕಬ್ಬಿಣದ ಮೇಲೆ ಎಣ್ಣೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಒಂದು ಕಡೆ ಒಲೆಯ ಬಿಸಿ, ಇನ್ನೊಂದು ಕಡೆ ಗಾಳಿ. ಹೊಸ ಕಾವಲಿಗೂ ಅಗಸೆ ಎಣ್ಣೆಯನ್ನೇ ಸವರುವವರು ಇಲ್ಲಿ ಇದ್ದಾರೆ. ಆಮೇಲೆ ನಿಘಂಟು ತೆರೆದು ನೋಡಿದರೆ ಇನ್ನೊಂದು ಸೋಜಿಗ. ಲ್ಯಾಟಿನ್ನಿನಲ್ಲಿ ‘ಪಟಿನಾ’ ಅಂದರೆ ತಳವಗಲದ ಪಾತ್ರೆ. ಇಟಾಲಿಯನ್ನಿನ ಪಟೀನಾ ಅದರಿಂದಲೇ ಬಂದಿರಬಹುದು ಎನ್ನುತ್ತಾರೆ. ನಮ್ಮ ಅಮ್ಮನೂ ಆ ರೋಮನ್ನರೂ ಒಂದೇ ಅಡುಗೆಮನೆಯಿಂದ ಹೊರಟ ಹಾಗಿದೆ.

ಹಾಗಾಗಿ ನನ್ನ ಸಲಹೆ: ‘ಪಳಗಿದ ಮೈ’. ಪಳಗಿದ ಮೈಯ ಟ್ರಕ್ಕು. ಪಳಗಿದ ಕೈ ಅನ್ನುವುದು ಈಗಾಗಲೇ ಇದೆ, ಪಕ್ಕದಲ್ಲೇ ಕೂರುತ್ತದೆ. ಸಕ್ರೆಬೈಲಿನ ಆನೆ ನೆನಪಾಗುತ್ತದೆ ಅನ್ನುವ ಆಕ್ಷೇಪ ಬರಬಹುದು. ಬರಲಿ, ನನ್ನ ಗಾಡಿಗೂ ಆನೆಯ ನಡೆಯೇ.

ಇನ್ನೊಂದು ಲಾಭವಿದೆ, ಅದನ್ನು ಹೇಳಲೇಬೇಕು. ಪಟೀನಾಕ್ಕೆ ಬೆಲೆ ಬಂದ ಮೇಲೆ ಅದರ ನಕಲಿಯೂ ಬಂದಿದೆ. ಹೊಸ ಪೇಂಟನ್ನು ಮರಳು ಕಾಗದದಲ್ಲಿ ಉಜ್ಜಿ, ಉಪ್ಪುನೀರು ಚಿಮುಕಿಸಿ, ಇಲ್ಲದ ಅಂಗಡಿಯ ಹೆಸರು ಬರೆದು ಅರ್ಧ ಅಳಿಸುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಹಿಂದೆ ಇನ್ನೊಂದು ಪದ ಅಂಟಿಸಬೇಕು. ನಮಗೆ ಒಂದು ‘ಇಸು’ ಸಾಕು. ತಾನಾಗಿ ಆದದ್ದು ಪಳಗಿದ ಮೈ, ಬೇಕೆಂದು ಮಾಡಿದ್ದು ಪಳಗಿಸಿದ ಮೈ.

ತಿಳಿದವರಲ್ಲಿ ಎರಡು ಪ್ರಶ್ನೆಗಳು. ತಮಿಳಿನ ‘ಪೞೈಯ’, ‘ಪೞಗು’ ಎರಡರಲ್ಲೂ ಇರುವುದು ೞ, ಹಳಗನ್ನಡದಲ್ಲಿಯೂ ಇದ್ದ ಅಕ್ಷರ. ನಮ್ಮಲ್ಲಿ ಪೞೆ ಹಳೆಯಾಯಿತು, ಪಕಾರ ಹಕಾರವಾಯಿತು. ‘ಪಳಗು’ ಮಾತ್ರ ಪಕಾರದಲ್ಲೇ ನಿಂತದ್ದು ಯಾಕೆ? ಎರಡೂ ಒಂದೇ ಬೇರಿನವೇ, ಅಥವಾ ಸುಮ್ನೆ ನನ್ನ ಕಿವಿಯ ಭ್ರಮೆಯೇ?

ಎರಡನೆಯದು ಎಲ್ಲರಿಗೂ. ನಿಮ್ಮ ಮನೆಯಲ್ಲಿ ಕಾವಲಿಗೆ ಏನನ್ನುತ್ತಾರೆ? ಪಳಗಿದೆ ಅನ್ನುತ್ತಾರಾ, ಹದವಾಗಿದೆ ಅನ್ನುತ್ತಾರಾ, ಬೇರೆ ಮಾತಿದೆಯಾ? ಕರಾವಳಿ, ಮಲೆನಾಡು, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಮನೆಯಲ್ಲಿ ಕೇಳಿ ಬರೆಯಿರಿ. ಅಪ್ಪನಿಗೆ ನಾನಿನ್ನೂ ಉತ್ತರ ಹೇಳಿಲ್ಲ.