ಇನ್ನಾ, ವಿದಿನ್ನಾ? ಮುಂದಿನ ಕೆಲಸದ ಗಡುವು ಇಂಗ್ಲಿಷಲ್ಲಿ ಹೇಗೆ ಬರೀತೀರಿ?

ಕೇಳಿದವರು: ಹೊಸ ಕೆಲಸಕ್ಕೆ ಸೇರ್ತಾ ಇದ್ದೀನಿ. ‘ಕಾಗದಪತ್ರ ಎರಡು ವಾರದಲ್ಲಿ ಕಳಿಸ್ತೀನಿ’ ಅಂತ ಮೇಲ್ ಹಾಕಬೇಕು. ‘ಇನ್ ಟೂ ವೀಕ್ಸ್’ ಸಾಕಾ, ‘ವಿದಿನ್’ ಬೇಕಾ? ಅನುಭವ ಇದ್ದವರು ಹೇಳಿ.

ಅನುವಾದಕಿ: ಈ ‘ಇನ್’ನಿಂದ ನನ್ನ ಗಿರಾಕಿಯೊಬ್ಬರು ಕೈತಪ್ಪಿದರು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ‘ಐ ವಿಲ್ ಸೆಂಡ್ ಇಟ್ ಇನ್ ಟೂ ವೀಕ್ಸ್’ ಅಂತ ಬರೆದಿದ್ದೆ. ಅಂದರೆ ಎರಡು ವಾರ ಕಳೆಯೋ ಹೊತ್ತಿಗೆ. ಅವರು ನಮ್ಮ ‘ವಾರದಲ್ಲಿ’ ಥರ ಓದಿಕೊಂಡು, ಅಷ್ಟರೊಳಗೆ ಯಾವತ್ತಾದರೂ ಬರುತ್ತೆ ಅಂತ ಮರುದಿನದಿಂದಲೇ ಫೋನು. ಮೊದಲು ಮುಂಗಡ ವಾಪಸ್ ಕೇಳಿದರು. ಆಮೇಲೆ ಮುಗಿಸಿಕೊಟ್ಟ ಅಧ್ಯಾಯಗಳ ಹಣವನ್ನೂ ತಡೆಹಿಡಿದರು. ಕೊನೆಗೆ ಉಳಿದದ್ದನ್ನ ಬೇರೆಯವರಿಗೆ ಕೊಟ್ಟು, ನಾನು ಮಾಡಿಟ್ಟ ಪದಪಟ್ಟಿಯನ್ನೂ ಅವರಿಗೇ ದಾಟಿಸಿದರು! ವ್ಯಾಕರಣದಲ್ಲಿ ನಾನೇ ಸರಿ.

ಲೆಕ್ಕದವನು: ಸರಿ ಇದ್ದು ಏನು ಬಂತು ಮೇಡಂ? ನಾನು ‘ಬೈ ಫ್ರೈಡೇ’ ಅಂತ ಬರೀತೀನಿ, ಮುಗೀತು. ಹಳೇ ಆಫೀಸಲ್ಲಿ ಮೇಲಿನವರು ‘ಸಬ್‌ಮಿಟ್ ಬಿಲ್ಸ್ ಟಿಲ್ ಫ್ರೈಡೇ’ ಅಂತ ಸುತ್ತೋಲೆ ಹೊರಡಿಸಿದ್ದರು. ‘ಟಿಲ್’ ಅಂದರೆ ಅಲ್ಲೀವರೆಗೂ ಮಾಡ್ತಾನೇ ಇರೋದು ತಾನೇ? ಅರ್ಧ ಜನ ದಿನಾ ಕಳಿಸಿದರು, ಇನ್ನರ್ಧ ಶುಕ್ರವಾರ ಒಟ್ಟಿಗೆ ಸುರಿದರು, ಕೆಲವರು ಎರಡೂ ಮಾಡಿದರು. ಒಂದೇ ಬಿಲ್ ಎರಡೆರಡು ಸಲ ಹತ್ತಿತ್ತು. ರಾತ್ರಿಯೆಲ್ಲ ಕೂತು ತಾಳೆ ನೋಡಿದವನು ನಾನು. ಓವರ್‌ಟೈಮ್ ಅಂತ ಬಿಡಿಗಾಸು ಇಲ್ಲ.

ರಾತ್ರಿಪಾಳಿ: ‘ಬೈ ಫ್ರೈಡೇ’ ಅಂದರೆ ಮುಗೀತಾ? ಬೆಳಿಗ್ಗೆಯೋ ಸಂಜೆಯೋ, ಯಾರ ಗಡಿಯಾರದಲ್ಲಿ? ಹೊರದೇಶದ ತಂಡದ ಜೊತೆ ದುಡಿದು ನೋಡಿ, ಗೊತ್ತಾಗುತ್ತೆ. ನಾನು ತಾರೀಖು, ಗಂಟೆ, ಟೈಮ್‌ಝೋನ್ ಮೂರೂ ಹಾಕ್ತೀನಿ. ಒಂದು ದಿನವೂ ತಕರಾರು ಬಂದಿಲ್ಲ. ಇನ್ನು ‘ಆನ್ ನೆಕ್ಸ್ಟ್ ಮಂಡೇ’ ಬರೆಯೋರಿದ್ದಾರೆ. ‘ನೆಕ್ಸ್ಟ್’ ಇದ್ದ ಮೇಲೆ ‘ಆನ್’ ಯಾಕ್ರೀ? ಹಾಕಲೇಬೇಕಂದ್ರೆ ‘ಆನ್ ದ ವೀಕೆಂಡ್’ಗೆ ಹಾಕಿ.

ಅನುವಾದಕಿ: ‘ಅಟ್ ದ ವೀಕೆಂಡ್’.

ರಾತ್ರಿಪಾಳಿ: ಅದು ಬ್ರಿಟಿಷರದ್ದು. ನನಗೆ ಸಂಬಳ ಕೊಡೋರು ಅಮೆರಿಕದವರು.

ಅನುವಾದಕಿ: ಸಂಬಳ ಕೊಟ್ಟವರದ್ದೇ ವ್ಯಾಕರಣವಾ?

ಲೆಕ್ಕದವನು: ಕೊಡದವರ ವ್ಯಾಕರಣ ನೀವೇ ನೋಡಿದ್ದೀರಲ್ಲ.

ಅನುವಾದಕಿ: ಕುಹಕ ಬೇಡ. ಬಿಲ್ ಎಣಿಸಿದವರಿಂದ ಭಾಷೆ ಕಲಿಯೋ ಗತಿ ನನಗೆ ಬಂದಿಲ್ಲ.

ಕೇಳಿದವರು: ಹಾಗಾದ್ರೆ ‘ವಿದಿನ್’ ಹಾಕಲಾ?

ಲೆಕ್ಕದವನು: ‘ಬೈ ನೆಕ್ಸ್ಟ್ ಫ್ರೈಡೇ’ ಅಂತ ಹಾಕಿ. ಬರೋ ಶುಕ್ರವಾರದೊಳಗೆ ಕಳಿಸಿಬಿಡಿ.

ರಾತ್ರಿಪಾಳಿ: ಬರೋದು ‘ದಿಸ್ ಫ್ರೈಡೇ’ ಸ್ವಾಮಿ. ‘ನೆಕ್ಸ್ಟ್’ ಅಂದರೆ ಅದರಾಚೆಯದು.

ಲೆಕ್ಕದವನು: ಯಾರು ಹೇಳಿದ್ದು? ಗಂಟೆ, ಟೈಮ್‌ಝೋನ್ ಎಲ್ಲ ಹಿಡಿದುಕೊಂಡೂ ನೀವು ವಾರವನ್ನೇ ತಪ್ಪಿಸಿದಿರಲ್ಲ!