ಇಂಗ್ಲಿಷ್ ಕನ್ಸರ್ಟಿನಾ: ಬಟನ್‌ಗಳ ಮೇಲೆ ನಿಮ್ಮ ಕೈ ಹೇಗೆ ಪಳಗಿತು?

ಪ್ರಶ್ನೆ:
ಮೂರು ವಾರದ ಹಿಂದೆ 30 ಬಟನ್‌ನ ಇಂಗ್ಲಿಷ್ ಕನ್ಸರ್ಟಿನಾ ತಂದೆ. ನಡುವೆ ತಿದಿ, ಎರಡು ತುದಿಯಲ್ಲೂ ಬಟನ್ ಇರುವ, ಕೈಯಲ್ಲಿ ಹಿಡಿದು ನುಡಿಸುವ ವಾದ್ಯ ಇದು. ಹೊಸಬರಿಗೆಂದೇ ಮಾಡಿದ್ದು. ಯಾವ ಬಟನ್ ಯಾವ ಸ್ವರ ಅಂತ ತೋರಿಸುವ ಚಾರ್ಟ್ ಬಾಯಿಪಾಠ ಆಗಿದೆ, ಆದರೆ ನುಡಿಸಲು ಕೂತರೆ ಬೆರಳು ಎಲ್ಲೆಲ್ಲಿಗೋ ಹೋಗುತ್ತದೆ. ಒಂದು ಸ್ವರ ಎಡಗೈಯಲ್ಲಿ, ಮುಂದಿನದು ಬಲಗೈಯಲ್ಲಿ. ಇದಕ್ಕೆ ಒಗ್ಗಿಕೊಂಡವರು ಹೇಗೆ ಕಲಿತಿರಿ, ದಯವಿಟ್ಟು ಹೇಳಿ.

ಮೊದಲ ಉತ್ತರ:
ಚಾರ್ಟನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ನಾನೂ ಒಂದು ತಿಂಗಳು ಅದನ್ನೇ ಉರು ಹೊಡೆದೆ. ಕಣ್ಣಿಗೆ ಬಂತು, ಕೈಗೆ ಬರಲಿಲ್ಲ. ನುಡಿಸುವಾಗ ಬಟನ್‌ಗಳು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಅಲ್ವಾ? ಎರಡೂ ತುದಿಯವು ಆಚೆ ಈಚೆ ಮುಖ ಮಾಡಿರುತ್ತವೆ.

ನನಗೆ ದಾರಿ ಸಿಕ್ಕಿದ್ದು ಮೂರೇ ಬಟನ್‌ನಿಂದ. ಕೆಳಗಿನ ಸಿ ಹುಡುಕಿ. ಅದೇ ಕಡೆ, ಅದೇ ಸಾಲಿನಲ್ಲಿ ಅದರ ಮುಂದಿನ ಬಟನ್ ಜಿ. ಆ ಎರಡರ ನಡುವೆ, ಪಕ್ಕದ ಸಾಲಿನಲ್ಲಿ ಇ. ಮೂರೂ ಸೇರಿ ಒಂದು ಚಿಕ್ಕ ತ್ರಿಕೋನ. ಮೂರನ್ನೂ ಒಟ್ಟಿಗೆ ಒತ್ತಿದರೆ ಸಿ ಮೇಜರ್ ಕಾರ್ಡ್ (ಒಟ್ಟಿಗೆ ಕೇಳುವ ಸ್ವರಗಳ ಗುಂಪು) ಕೇಳುತ್ತದೆ. ಈಗ ಇನ್ನೊಂದು ಕೈಗೆ ಬನ್ನಿ. ಅಲ್ಲಿ ಡಿ, ಎಫ್, ಎ ಕೂಡ ಅಂಥದ್ದೇ ತ್ರಿಕೋನ. ಎರಡೂ ತ್ರಿಕೋನ ಕೈಗೆ ಸಿಕ್ಕ ಮೇಲೆ ಒಂದು ಅದರಿಂದ, ಒಂದು ಇದರಿಂದ ತೆಗೆದುಕೊಳ್ಳಿ: ಸಿ, ಡಿ, ಇ, ಎಫ್, ಜಿ, ಎ. ಅರ್ಧಕ್ಕಿಂತ ಜಾಸ್ತಿ ಸ್ಕೇಲ್ ಆಯಿತು!

ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದುವವರಾದರೆ ಇನ್ನೂ ಸುಲಭ. ಸ್ಟಾಫ್ ಅಂದರೆ ಸ್ವರ ಬರೆಯುವ ಐದು ಗೆರೆ. ಅದರ ಗೆರೆ ಮೇಲೆ ಕೂತ ಸ್ವರಗಳೆಲ್ಲ ಒಂದು ಕೈಗೆ, ಗೆರೆಗಳ ನಡುವೆ ಕೂತವು ಇನ್ನೊಂದು ಕೈಗೆ. ಹಾಳೆ ನೋಡಿದ ಕೂಡಲೇ ಯಾವ ಕೈ ಅಂತ ಗೊತ್ತಾಗಿಬಿಡುತ್ತದೆ. ಇದನ್ನು ಯಾರಾದರೂ ನನಗೆ ಮೊದಲ ದಿನವೇ ಹೇಳಬೇಕಿತ್ತು.

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. ಸ್ವರ ಏಳು, ಕೈ ಎರಡು. ಹಾಗಾಗಿ ಒಂದು ಆಕ್ಟೇವ್ (ಸ್ಥಾಯಿ) ಮೇಲಿನ ಸಿ ಅದೇ ಕೈಯಲ್ಲಿ ಸಿಗುವುದಿಲ್ಲ, ಎದುರು ಕೈಯಲ್ಲಿರುತ್ತದೆ. ಪಿಯಾನೋ ನುಡಿಸಿದವರಿಗಂತೂ ಇದು ತುಂಬ ಕಾಡುತ್ತದೆ. ನಾನು ದಿನಾ ಐದು ನಿಮಿಷ ಇದನ್ನೇ ಮಾಡಿದೆ: ಕೆಳಗಿನ ಸಿ, ಮೇಲಿನ ಸಿ. ಕೆಳಗಿನ ಡಿ, ಮೇಲಿನ ಡಿ. ಹೀಗೆ ಜೋಡಿ ಜೋಡಿಯಾಗಿ.

ಎರಡನೆಯವರು:
ಒಂದು ಎಚ್ಚರಿಕೆ. ವಿಡಿಯೊ ನೋಡಿ ಕಲಿಯುತ್ತಿದ್ದರೆ ಅದು ಆಂಗ್ಲೋ ಕನ್ಸರ್ಟಿನಾದ ಪಾಠವೋ ಅಂತ ಮೊದಲು ನೋಡಿಕೊಳ್ಳಿ. ನೋಡಲು ಹೆಚ್ಚುಕಡಿಮೆ ಒಂದೇ ಥರ. ಆದರೆ ಆಂಗ್ಲೋದಲ್ಲಿ ಒಂದೇ ಬಟನ್ ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು ಸ್ವರ ಕೊಡುತ್ತದೆ. ನಮ್ಮದರಲ್ಲಿ ಎಳೆದರೂ ಒತ್ತಿದರೂ ಒಂದೇ ಸ್ವರ. ನಾನು ಎರಡು ವಾರ ಸುಮ್ನೆ ತಪ್ಪು ಪಾಠ ನೋಡಿದೆ.

ಮೂರನೆಯವರು:
ಕೈ ಹಿಡಿತದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಬಟನ್ ತಪ್ಪುತ್ತಿದ್ದುದೇ ಅದರಿಂದ. ಹೆಬ್ಬೆರಳು ಪಟ್ಟಿಯೊಳಗೆ, ಕಿರುಬೆರಳು ಲೋಹದ ಆಸರೆ ಮೇಲೆ. ಪಟ್ಟಿ ಸಡಿಲವಿದ್ದರೆ ಕೈ ಜಾರಿ, ಪ್ರತಿ ಸಲ ಬೆರಳು ಬೇರೆ ಜಾಗದಿಂದ ಹೊರಡುತ್ತದೆ. ಆಮೇಲೆ ಬಟನ್ ನೆನಪಿದ್ದೂ ಉಪಯೋಗವಿಲ್ಲ. ಪಟ್ಟಿ ಸರಿಮಾಡಿಕೊಳ್ಳಿ. ಕೂತು ನುಡಿಸಿ, ಒಂದು ತುದಿಯನ್ನು ತೊಡೆ ಮೇಲಿಡಿ. ಭಾರವನ್ನೆಲ್ಲ ಹೆಬ್ಬೆರಳಿನ ಮೇಲೆ ಹೊತ್ತು ನಾನು ಮಣಿಕಟ್ಟು ನೋಯಿಸಿಕೊಂಡಿದ್ದೇನೆ. ಬಟನ್ ಒತ್ತದೆ ತಿದಿಯನ್ನು ಬಲವಂತವಾಗಿ ಎಳೆಯಲೂಬೇಡಿ, ಹಾಳಾಗುತ್ತದೆ.

ಬೆರಳಿನ ವಿಷಯ: ಪ್ರತಿ ಕಡೆ ನಾಲ್ಕು ಸಾಲು. ನಡುವಿನ ಎರಡರಲ್ಲಿ ಶುದ್ಧ ಸ್ವರಗಳು, ಅಂಚಿನ ಎರಡರಲ್ಲಿ ಶಾರ್ಪ್ (ಅರ್ಧ ಸ್ವರ ಮೇಲೆ), ಫ್ಲಾಟ್ (ಅರ್ಧ ಸ್ವರ ಕೆಳಗೆ). ನಡುವಿನ ಸಾಲುಗಳಿಗೆ ತೋರುಬೆರಳು, ಮಧ್ಯದ ಬೆರಳು. ಹೆಬ್ಬೆರಳಿನ ಕಡೆಯ ಅಂಚಿಗೂ ತೋರುಬೆರಳೇ. ಆಚೆ ಅಂಚಿಗೆ ಉಂಗುರ ಬೆರಳು. ನನಗೆ ಒಗ್ಗಿದ್ದು ಇದು. ಆದರೆ ಸಿ ನಂತರ ಜಿ ಬಂದರೆ ಎರಡೂ ಒಂದೇ ಸಾಲು, ಒಂದೇ ಬೆರಳು ಹಾರಿದರೆ ನಡುವೆ ನಾದ ಕಡಿದುಹೋಗುತ್ತದೆ. ಅಲ್ಲಿ ಎರಡನೆಯದಕ್ಕೆ ಪಕ್ಕದ ಬೆರಳು ಹಾಕಿ.

ನಾಲ್ಕನೆಯವರು:
ಶಾರ್ಪ್‌ಗಳಿಗೆ ಹೆದರಬೇಡಿ. ಎಫ್ ಶಾರ್ಪ್ ಇರುವುದು ಎಫ್ ಪಕ್ಕದಲ್ಲೇ, ಅದೇ ಕೈಯಲ್ಲಿ. ಎಫ್ ಬದಲು ಎಫ್ ಶಾರ್ಪ್ ಬರುವ ಜಿ ಮೇಜರ್ ಸ್ಕೇಲ್ ನುಡಿಸುವಾಗ ಎಡ, ಬಲ ಅನ್ನುವ ಸರದಿ ಕೆಡುವುದೇ ಇಲ್ಲ, ಬೆರಳು ಒಂದು ಬಟನ್ ಅಂಚಿಗೆ ಸರಿಯುತ್ತದೆ ಅಷ್ಟೇ. ಈ ಜೋಡಣೆ ಎಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದು ಅಂತ ನನಗೆ ಈಗಲೂ ಖುಷಿಯಾಗುತ್ತದೆ. ಇದರ ಹಿಂದಿರುವವರು ಚಾರ್ಲ್ಸ್ ವೀಟ್‌ಸ್ಟನ್. ಭೌತಶಾಸ್ತ್ರದ ಪಾಠದಲ್ಲಿ ವೀಟ್‌ಸ್ಟನ್ ಬ್ರಿಡ್ಜ್ ಅಂತ ಓದಿರುತ್ತೀರಲ್ಲ, ಅವರೇ. 1829ರಲ್ಲಿ ಒಂದು ಪೇಟೆಂಟ್, 1844ರಲ್ಲಿ ಇನ್ನೊಂದು ತೆಗೆದುಕೊಂಡರು. 48 ಬಟನ್‌ನ ವಾದ್ಯದಲ್ಲಿ ಡಿ ಶಾರ್ಪ್‌ಗೂ ಇ ಫ್ಲಾಟ್‌ಗೂ ಬೇರೆ ಬೇರೆ ಬಟನ್ ಇವೆ. ಮುಂದೆ ದೊಡ್ಡ ವಾದ್ಯಕ್ಕೆ ಹೋದಾಗ ಅದು ನೋಡಿ ಗಾಬರಿಯಾಗಬೇಡಿ, ಈಗ ಕಲಿತದ್ದು ಯಾವುದೂ ವ್ಯರ್ಥವಾಗುವುದಿಲ್ಲ.

ಚಾರ್ಟ್ ಬಳಸಲೇಬೇಕು ಅಂದರೆ ಅದರ ಮೇಲೆ ಹೆಬ್ಬೆರಳಿನ ಪಟ್ಟಿ ಎಲ್ಲಿ ಬರುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎದುರಿನಿಂದ ನೋಡಿದಂತೆ ಬರೆದ ಚಿತ್ರವನ್ನು ನಮ್ಮ ಕೈಯ ಕಡೆಯಿಂದ ಓದಿದರೆ ಎಲ್ಲ ತಿರುಗುಮುರುಗು. ನಿಮ್ಮ ಬೆರಳು ಎಲ್ಲೆಲ್ಲಿಗೋ ಹೋಗುವುದಕ್ಕೆ ಇದೂ ಕಾರಣ ಇರಬಹುದು, ಒಮ್ಮೆ ನೋಡಿ.

ಕೇಳಿದವರು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಪಟ್ಟಿ ನಿಜವಾಗಿಯೂ ಸಡಿಲವಿತ್ತು, ಬಿಗಿ ಮಾಡಿದೆ. ತ್ರಿಕೋನಗಳನ್ನು ಕಣ್ಣು ಮುಚ್ಚಿ ಹುಡುಕಿದೆ, ಎರಡೂ ಸಿಕ್ಕವು. ಸಿ ಇಂದ ಎ ತನಕ ನಿಧಾನವಾಗಿ ತಪ್ಪಿಲ್ಲದೆ ಬಂತು. ಬಿ ಆದ ಮೇಲೆ ಮೇಲಿನ ಸಿಗೆ ಬೆರಳು ಇನ್ನೂ ಹಳೆಯ ಕೈಗೇ ಓಡುತ್ತದೆ. ನಾಳೆಯಿಂದ ಆ ಜೋಡಿ ಅಭ್ಯಾಸ ಶುರು ಮಾಡುತ್ತೇನೆ.