ರೇಡಿಯೋಹೆಡ್‌ನ ‘ಕಿಡ್ ಎ’: ಬಾಸ್ ಹರಿದದ್ದೋ, ಸ್ಪೀಕರ್ ಹರಿದದ್ದೋ? ಮತ್ತೆ, ಗಿಟಾರ್ ಎಲ್ಲಿ ಹೋಯ್ತು?

ಕಾಳಿತೀರ, ಕಾರವಾರ

ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್‌ನ 1997ರ ಆಲ್ಬಮ್ ‘ಓಕೆ ಕಂಪ್ಯೂಟರ್’ ಸಲೀಸಾಗಿ ಹಿಡಿಸಿತ್ತು. ಅದೇ ಗುಂಗಲ್ಲಿ ಮುಂದಿನ ಆಲ್ಬಮ್, 2000ದ ‘ಕಿಡ್ ಎ’ ಹಾಕಿದ್ರೆ ತಲೆಬುಡ ಹತ್ತುತ್ತಿಲ್ಲ. ಆಲ್ಟರ್ನೇಟಿವ್ ರಾಕ್ ಅಂತಾರೆ, ಮೊದಲ ಎರಡು ಹಾಡಲ್ಲಿ ಗಿಟಾರೇ ಕಿವಿಗೆ ಬೀಳಲ್ಲ. ಮೂರನೇದು ‘ದ ನ್ಯಾಷನಲ್ ಆಂಥಮ್’ ಶುರುವಾದ ಕೂಡಲೇ ಬಾಸ್ ಬರಬರ ಅಂತ ಹರಿದ ಹಾಗೆ ಕೇಳ್ತದೆ. ಐದನೇದರಲ್ಲಿ ಡ್ರಮ್ಸೂ ಇಲ್ಲ, ಮಾತೂ ಇಲ್ಲ. ಕೊನೇ ಹಾಡು ಮುಗಿದ ಮೇಲೆ ಸುಮ್ಮನೆ ಖಾಲಿ ಓಡ್ತದೆ.

ನನ್ನ ಪ್ರಶ್ನೆ ಎರಡು. ಆ ಬಾಸ್ ಬೇಕಂತಲೇ ಹಾಗೆ ಮಾಡಿದ್ದೋ, ಸ್ಪೀಕರ್ ಕೆಟ್ಟಿದ್ದೋ? ಹಳೇ ಬುಕ್‌ಶೆಲ್ಫ್ ಜೋಡಿ, ಕಿಟಕಿ ಪಕ್ಕ ಇಟ್ಟದ್ದು, ಸಮುದ್ರದ ಗಾಳಿ ನೇರ ಬಡೀತದೆ. ಇನ್ನೊಂದು, ಈ ಆಲ್ಬಮ್ ನಿಜಕ್ಕೂ ಅಷ್ಟು ದೊಡ್ಡದಾ? ಬರೀ ಹೊಗಳಿಕೆ ಬೇಡ, ಎಲ್ಲಿ ಏನು ಕೇಳಬೇಕು ಅಂತ ಹೇಳಿ.

ಗಂಗಾವಳಿ, ಅಂಕೋಲಾ

ಎರಡೂ ಇರಬಹುದು ಮಾರಾಯ್ರೆ. ಆ ಬಾಸ್‌ಗೆ ಒರಟು ಹಿಡಿಸಿಯೇ ರೆಕಾರ್ಡ್ ಮಾಡಿದ್ದು. ನುಡಿಸಿದ್ದು ಗಾಯಕ ಥಾಮ್ ಯಾರ್ಕ್. ಒಂದೇ ತುಣುಕು ಮೊದಲಿಂದ ಕೊನೇವರೆಗೆ ಸುತ್ತುತ್ತದೆ. ಹಾಗಾಗಿ ಒರಟು ಕೇಳಿದ್ದಕ್ಕೇ ಸ್ಪೀಕರ್ ಹೋಯ್ತು ಅನ್ನಲಿಕ್ಕಾಗಲ್ಲ. ವ್ಯತ್ಯಾಸ ಹಿಡಿಯೋದು ಹೀಗೆ.

ಮೊದಲು ಅದೇ ಜಾಗ ಹೆಡ್‌ಫೋನಲ್ಲಿ ಕೇಳಿ. ರೆಕಾರ್ಡಿಂಗಿನ ಒರಟು ಎಲ್ಲಾ ಸ್ವರಕ್ಕೂ ಒಂದೇ ಥರ ಅಂಟಿರ್ತದೆ, ಸ್ವರ ಏರಿದ್ರೆ ಅದೂ ಏರ್ತದೆ, ವಾಲ್ಯೂಮ್ ಕಡಿಮೆ ಮಾಡಿದ್ರೂ ಹೋಗಲ್ಲ. ಸ್ಪೀಕರಿನ ಹರಕು ಹಾಗಲ್ಲ. ಒಣ ಎಲೆ ಅಲುಗಿದ ಹಾಗೆ ಪಟಪಟ ಅಂತದೆ, ಕೆಲವೇ ಕೆಳಸ್ವರಕ್ಕೆ ಬರ್ತದೆ, ವಾಲ್ಯೂಮ್ ಇಳಿಸಿದ್ರೆ ಮಾಯ. ಆಮೇಲೆ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ ಕೇಳಿ. ಒಂದೇ ಬದಿ ಪಟಪಟ ಅಂದ್ರೆ ಅನುಮಾನವೇ ಬೇಡ.

ಜಾಲರಿ ತೆಗೆದು ಕೋನಿನ ಸುತ್ತ ಇರೋ ಬಳೆ ನೋಡಿ. ರಬ್ಬರ್ ಆದ್ರೆ ಬಹುಕಾಲ ಬಾಳ್ತದೆ. ಫೋಮ್ ಆದ್ರೆ ನಮ್ಮ ಕರಾವಳಿಯ ತೇವ, ಸೆಕೆಗೆ ತಾನಾಗಿಯೇ ಕರಗ್ತಾ ಬರ್ತದೆ, ಸ್ಪೀಕರ್ ಹಚ್ಚದೆ ಇಟ್ಟರೂ ಸರಿ. ಬೆರಳ ತುದಿಯಲ್ಲಿ ಹಗೂರ ಮುಟ್ಟಿ. ಅಂಟಿದ್ರೆ ಅಥವಾ ಪುಡಿ ಉದುರಿದ್ರೆ ಬಳೆ ಮುಗೀತು, ಸ್ಪೀಕರ್ ಅಲ್ಲ. ಬಳೆ ಮಾತ್ರ ಬದಲಿಸಬಹುದು. ತರಿಸುವಾಗ ‘ಆರಿಂಚು’ ಅಂತ ಹೇಳಿದ್ರೆ ಸಾಲದು. ಕೋನಿನ ಹೊರ ಅಂಚಿನ ವ್ಯಾಸ, ಲೋಹದ ಚೌಕಟ್ಟಿನ ಒಳ ವ್ಯಾಸ, ಉಬ್ಬಿನ ಅಗಲ ಮೂರನ್ನೂ ಮಿಲಿಮೀಟರಲ್ಲಿ ಅಳೀಬೇಕು. ಹಳೇ ಅಂಟು ಪೂರ್ತಿ ಕೆರೆದು, ಮೊದಲು ಕೋನಿಗೆ ಅಂಟಿಸಿ ಒಣಗಿಸಿ, ಆಮೇಲೆ ಚೌಕಟ್ಟಿಗೆ. ಎಡವೋದು ಈ ಎರಡನೇ ಅಂಟಲ್ಲಿ. ಕೋನ್ ಕೂದಲೆಳೆ ಓರೆ ಕೂತರೂ ಒಳಗಿನ ತಂತಿ ಸುರುಳಿ, ಅಂದ್ರೆ ವಾಯ್ಸ್ ಕಾಯಿಲ್, ಮ್ಯಾಗ್ನೆಟಿಗೆ ಉಜ್ಜುತ್ತದೆ. ಅಂಟು ಹಸಿ ಇರುವಾಗಲೇ ಎರಡೂ ಕೈಯ ಹೆಬ್ಬೆರಳಲ್ಲಿ ಕೋನನ್ನು ಸಮನಾಗಿ ಒಳಗೆ ಒತ್ತಿ ಬಿಡಿ. ಕರಕರ ಸದ್ದು ಬಂದ್ರೆ ಸ್ವಲ್ಪ ಸರಿಸಿ ಮತ್ತೆ ಒತ್ತಿ. ಸದ್ದು ನಿಂತ ಮೇಲೆ ಒಂದು ದಿನ ಮುಟ್ಟಬೇಡಿ.

ವಯರಿನ ತುದಿಯನ್ನೂ ನೋಡಿ. ತಾಮ್ರಕ್ಕೆ ಹಸಿರು ಕಿಲುಬು ಕಟ್ಟಿದ್ರೆ ಚರಚರ ಬರ್ತದೆ. ಒಂದಿಂಚು ಕತ್ತರಿಸಿ ಹೊಸದಾಗಿ ಸುಲಿದು ಹಾಕಿ.

ಸೋಂದೆ ದಾರಿ, ಶಿರಸಿ

ಎರಡನೇ ಪ್ರಶ್ನೆಗೆ ನಾನು ಹೇಳ್ತೇನೆ. ಗಿಟಾರ್ ಹುಡುಕೋದು ಬಿಡಿ, ಮೊದಲು ಮಾತ್ರೆ ಎಣಿಸಿ.

ಮೊದಲ ಹಾಡು ‘ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’ ನಡೆಯೋದು ಹತ್ತರ ಲೆಕ್ಕದಲ್ಲಿ. ಕಿಕ್ ಡ್ರಮ್ ಪ್ರತಿ ಮಾತ್ರೆಗೂ ಒಂದೇ ತೂಕದಲ್ಲಿ ಬೀಳ್ತಾ ಹೋಗ್ತದೆ, ಸಮ, ಅಂದ್ರೆ ಸುತ್ತಿನ ಮೊದಲ ಮಾತ್ರೆ, ಯಾವುದು ಅಂತ ಅದು ಹೇಳೋದೇ ಇಲ್ಲ. ಸಮ ತೋರಿಸೋದು ಕೀಬೋರ್ಡ್. ಅದು ಪ್ರಾಫೆಟ್-5 ಅನ್ನೋ ಸಿಂಥಸೈಜರ್. ರಾಕ್ ಕೇಳಿ ರೂಢಿಯಾದ ಕಾಲು ತಾನಾಗಿ ನಾಲ್ಕು ನಾಲ್ಕು ತಟ್ಟುತ್ತದೆ. ಒಂದು ಸುತ್ತಿಗೆ ತಪ್ಪುತ್ತದೆ, ಎರಡನೇ ಸುತ್ತಿಗೆ ಕೂಡುತ್ತದೆ, ಮತ್ತೆ ತಪ್ಪುತ್ತದೆ. ಯಾಕೆ ಅಂದ್ರೆ ಹತ್ತರ ಎರಡು ಸುತ್ತು ಇಪ್ಪತ್ತು, ನಾಲ್ಕರ ಐದು ಸುತ್ತೂ ಇಪ್ಪತ್ತು. ಈ ಕೂಡಿ ತಪ್ಪುವ ಆಟವೇ ಆ ಹಾಡಿನ ಚಡಪಡಿಕೆ.

ಝಪ್ತಾಲದ ಬಂದಿಶ್ ಕೇಳಿದವರಿಗೆ, ಯಕ್ಷಗಾನದ ಝಂಪೆ ಕೇಳಿದವರಿಗೆ ಹತ್ತು ಮಾತ್ರೆ ಹೊಸತಲ್ಲ. ಆದ್ರೆ ‘ಧೀ ನಾ, ಧೀ ಧೀ ನಾ’ ಅಂತ ಎರಡು-ಮೂರರ ವಿಭಾಗವನ್ನು ಇದರ ಮೇಲೆ ಹೊದಿಸಬೇಡಿ. ಇಲ್ಲಿ ತಾಳಿ-ಖಾಲಿ ಇಲ್ಲ. ಬೆರಳಲ್ಲಿ ಬರೀ ಹತ್ತು ಎಣಿಸ್ತಾ ಕೇಳಿ. ಒಂಬತ್ತನೇ ಹಾಡು ‘ಮಾರ್ನಿಂಗ್ ಬೆಲ್’ ಇದರರ್ಧ, ಐದು. ಅಲ್ಲಿ ‘ತಕ ತಕಿಟ’ ಹೇಳ್ಕೊಳ್ಳಿ, ಕೂಡಲಿಲ್ಲ ಅನಿಸಿದ್ರೆ ‘ತಕಿಟ ತಕ’ ಹೇಳಿ. ಐದಕ್ಕೆ ಮರಳಿದ್ರೆ ಸಾಕು.

ಆಮೇಲೆ ತಂಡದ ಜಾನಿ ಗ್ರೀನ್‌ವುಡ್ ನುಡಿಸುವ ಒಂದ್ ಮಾರ್ಟೆನೊ. ಫ್ರಾನ್ಸಿನಲ್ಲಿ 1928ರಲ್ಲಿ ಜನರೆದುರು ಬಂದ ಇಲೆಕ್ಟ್ರಾನಿಕ್ ವಾದ್ಯ ಅದು. ಬಲಗೈ ಬೆರಳಿಗೆ ಉಂಗುರ, ಉಂಗುರಕ್ಕೆ ದಾರ, ದಾರ ಎಳೆದ ಹಾಗೆ ಸ್ವರ ಜಾರ್ತದೆ. ಎಡಗೈಯ ಗುಂಡಿ ಒತ್ತಿದಷ್ಟು ದನಿ ಏರ್ತದೆ. ನಮ್ಮ ಕಿವಿಗೆ ಅದು ಸೀದಾ ಮೀಂಡ್. ನಾಲ್ಕನೇ ಹಾಡು ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯಲ್ಲಿ ಅಕೌಸ್ಟಿಕ್ ಗಿಟಾರಿನ ಹಿಂದೆ ಅದು ತೆಳ್ಳಗೆ ಹರಿದಿದೆ. ಪಿಟೀಲಿನ ಗುಂಪನ್ನು ರೆಕಾರ್ಡ್ ಮಾಡಿದ್ದು ಆಕ್ಸ್‌ಫರ್ಡ್‌ಶೈರಿನ ಡಾರ್ಚೆಸ್ಟರ್ ಆಬಿ ಅನ್ನೋ ಹಳೇ ಚರ್ಚಿನಲ್ಲಿ. ಎರಡನೇ ಹಾಡಲ್ಲಿ ಇನ್ನೊಂದು ಕೈಚಳಕ ಇದೆ. ಯಾರ್ಕ್ ಮಾತುಗಳನ್ನು ಬರೀ ಆಡಿದ್ದು, ಹಾಡಿದ್ದಲ್ಲ. ಆ ಮಾತಿಗೆ ಸ್ವರ ಬಂದದ್ದು ಒಂದ್ ಮಾರ್ಟೆನೊ ಜತೆ ವೊಕೋಡರ್, ಅಂದ್ರೆ ಮಾತಿಗೆ ವಾದ್ಯದ ಸ್ವರ ತೊಡಿಸೋ ಯಂತ್ರ, ಕೂಡಿಸಿ. ಮಾತಾಡಿದವನೊಬ್ಬ, ಸ್ವರ ಇನ್ನೊಬ್ಬನದು.

ಕಾಳಿತೀರ, ಕಾರವಾರ

ಗಂಗಾವಳಿ ಅಣ್ಣ, ನೀವಂದ ಹಾಗೆ ನೋಡಿದೆ. ಹೆಡ್‌ಫೋನಲ್ಲಿ ಒರಟು ಇದೆ, ಪಟಪಟ ಇಲ್ಲ. ಎಡ ಸ್ಪೀಕರ್ ಮಾತ್ರ ಪಟಪಟ. ಬಳೆ ಮುಟ್ಟಿದ್ರೆ ಕಪ್ಪು ಪುಡಿ ಬೆರಳಿಗೆ ಬಂತು. ಬಲದ್ದು ಸದ್ಯ ಗಟ್ಟಿ ಇದೆ.

ಹತ್ತರ ಲೆಕ್ಕವೂ ಸಿಕ್ತು. ಆದ್ರೆ ಹಾಡಿನ ಮಾತು? ಅರ್ಥ ಒಂದಕ್ಕೊಂದು ಕೂಡಲ್ಲ.

ಶರಾವತಿ ದಂಡೆ, ಹೊನ್ನಾವರ

ಇಲ್ಲಿ ಒಂದು ಎದುರು ಮಾತೂ ಇರಲಿ. ಆಲ್ಬಮ್ ದೊಡ್ಡದು ಹೌದು, ಆದ್ರೆ ಹತ್ತಕ್ಕೆ ಹತ್ತೂ ಗಟ್ಟಿ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ‘ಇನ್ ಲಿಂಬೋ’ದಲ್ಲಿ ಗಿಟಾರಿನ ಬಿಡಿಸ್ವರಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಮುಳುಗಿದ ಭಾವ ಬರಲಿ ಅಂತಲೇ ಮಾಡಿದ್ದಿರಬಹುದು, ಆದರೆ ಮುಳುಗೋದು ಹಾಡೇ. ಐದನೇ ಹಾಡು ‘ಟ್ರೀಫಿಂಗರ್ಸ್’ 3 ನಿಮಿಷ 42 ಸೆಕೆಂಡ್. ನನ್ನ ಕೇಳಿಕೆಗೆ ಎರಡು ನಿಮಿಷ ಸಾಕಿತ್ತು. ಆದ್ರೆ ಗಿಟಾರ್ ಇಲ್ಲ ಅಂತ ದೂರುವವರು ಇದನ್ನೇ ಗಮನಿಸಬೇಕು. ಆ ಮೋಡದ ಹಾಗಿನ ಸದ್ದೆಲ್ಲ ತಂಡದ ಎಡ್ ಓಬ್ರಯನ್ ನುಡಿಸಿದ ಗಿಟಾರನ್ನು ಕಂಪ್ಯೂಟರಲ್ಲಿ ತುಂಡರಿಸಿ ಹಿಗ್ಗಿಸಿದ್ದು. ತಂತಿ ಮೀಟಿದ ಚುಚ್ಚು ಹೋಗಿದೆ, ಗುಂಗು ಮಾತ್ರ ಉಳಿದಿದೆ.

ಗಿಟಾರ್ ಗಿಟಾರಿನ ಹಾಗೇ ಬೇಕಾದ್ರೆ ಆರನೇ ಹಾಡು ‘ಆಪ್ಟಿಮಿಸ್ಟಿಕ್’. ಕೆಳತಂತಿ ತಂಬೂರಿ ಶ್ರುತಿಯ ಹಾಗೆ ಮೊಳಗ್ತಾ ಇರ್ತದೆ, ಮೇಲಿನ ಸ್ವರಗಳು ಅದರ ಮೇಲೆ ಓಡಾಡ್ತವೆ. ಅದು ‘ಟ್ರೀಫಿಂಗರ್ಸ್’ ಆದ ಕೂಡಲೇ ಬರೋದ್ರಿಂದಲೇ ಅಷ್ಟು ಬಡೀತದೆ. ಷಫಲಲ್ಲಿ ಕೇಳಿದ್ರೆ ಆ ಪೆಟ್ಟಿಲ್ಲ.

ಮಿಶ್ರಣದ ವಿಚಾರಕ್ಕೆ ಬಂದ್ರೆ ಈ ಆಲ್ಬಮ್ಮಿನ ಬಲ ‘ನ್ಯಾಷನಲ್ ಆಂಥಮ್’ನಲ್ಲೇ. ನಮ್ಮ ಬಹಳಷ್ಟು ಫ್ಯೂಷನ್ ಹೇಗಿರ್ತದೆ? ತಬಲಾ ಎಂಟು ಆವರ್ತನ, ಗಿಟಾರ್ ಎಂಟು ಆವರ್ತನ, ಕೊನೆಗೆ ಒಟ್ಟಿಗೆ ತಿಹಾಯಿ. ಯಾರೂ ತಮ್ಮ ಕೆಲಸ ಬಿಡಲ್ಲ. ಇಲ್ಲಿ ಜಾಝ್ ಊದುವವರು ಎಂಟು ಜನ ಬರ್ತಾರೆ, ಅಮೆರಿಕದ ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ತಂಡದ ಗದ್ದಲ ಇವರ ಮನಸ್ಸಲ್ಲಿದ್ದ ಮಾದರಿ. ಆದ್ರೆ ಅವರಿಗೆ ಸೋಲೋ ಕೊಟ್ಟಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು, ಸಂತೆ ದಿನ ಪೇಟೆ ರಸ್ತೆಯಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆದ ಹಾಗೆ ಊದ್ತಾರೆ. ಲಯ ಹಿಡಿಯೋ ಬಾಸ್ ಇಲ್ಲಿ ಶ್ರುತಿಯ ಕೆಲಸ ಮಾಡ್ತದೆ, ರಾಗ ಹೇಳೋ ಸ್ಯಾಕ್ಸೊಫೋನ್ ಗದ್ದಲದ ಕೆಲಸ ಮಾಡ್ತದೆ. ಕೆಲಸ ಅದಲುಬದಲಾದಲ್ಲಿ ಮಾತ್ರ ನಾನು ಅದನ್ನು ಮಿಶ್ರಣ ಅಂತೇನೆ.

ಸೋಂದೆ ದಾರಿ, ಶಿರಸಿ

‘ಇನ್ ಲಿಂಬೋ’ ಬಗ್ಗೆ ಒಪ್ಪಿದೆ. ‘ಟ್ರೀಫಿಂಗರ್ಸ್’ ಬಗ್ಗೆ ಇಲ್ಲ. ನೀವೇ ಹೇಳಿದ ಆ ಪೆಟ್ಟು ಬೀಳಬೇಕಾದ್ರೆ ಕಿವಿ ಲಯ ಮರೆಯುವಷ್ಟು ಹೊತ್ತು ಬೇಕು, ಎರಡು ನಿಮಿಷ ಅದಕ್ಕೆ ಸಾಲಲ್ಲ.

ಕಾಳಿತೀರ, ಮಾತಿನ ಬಗ್ಗೆ ಕೇಳಿದ್ರಿ. ಯಾರ್ಕ್ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ ಟೋಪಿಯೊಳಗೆ ಹಾಕಿ, ಕೈಗೆ ಬಂದದ್ದನ್ನು ಜೋಡಿಸಿದ್ದೂ ಇದೆ. ಹಾಗಾಗಿ ಭಾವಗೀತೆ ಓದಿದ ಹಾಗೆ ಸಾಲಿಂದ ಸಾಲಿಗೆ ಹೋಗಬೇಡಿ. ವಿಲಂಬಿತ ಖಯಾಲಿನಲ್ಲಿ ಬಂದಿಶಿನ ಒಂದೇ ಶಬ್ದ ಆಲಾಪದಲ್ಲಿ ಕರಗಿ ಬರೀ ‘ಆ’ಕಾರ, ‘ಈ’ಕಾರ ಉಳೀತದಲ್ಲ, ಅದನ್ನು ಕೇಳೋ ಹಾಗೆ ಕೇಳಿ. ಮೊದಲ ಹಾಡಲ್ಲಂತೂ ನಿರ್ಮಾಪಕ ನೈಜಲ್ ಗಾಡ್ರಿಚ್ ದನಿಯನ್ನು ಕಂಪ್ಯೂಟರಲ್ಲಿ ಹಿಂದೆ ಮುಂದೆ ಎಳೆದು ಚೂರು ಮಾಡಿದ್ದಾರೆ. ಆ ಚೂರುಗಳೇ ಅಲ್ಲಿ ವಾದ್ಯ.

ಎಂಟನೇ ಹಾಡು ‘ಇಡಿಯೊಟೆಕ್’ ಬಿಟ್ಟು ಹೋಯ್ತು. ನನ್ನ ಮಟ್ಟಿಗೆ ಆಲ್ಬಮ್ಮಿನ ಶಿಖರ ಅದೇ. ಸುತ್ತಿ ಸುತ್ತಿ ಬರುವ ನಾಲ್ಕು ಸ್ವರಮೇಳ (ಕಾರ್ಡ್) ಅವರದ್ದಲ್ಲ, ಅಮೆರಿಕದ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಪ್ರಿನ್ಸ್‌ಟನ್ನಿನ ದೊಡ್ಡ ಐಬಿಎಂ ಕಂಪ್ಯೂಟರಲ್ಲಿ ಮಾಡಿದ ಕೃತಿಯ ಕೆಲವೇ ಸೆಕೆಂಡಿನ ತುಣುಕು. ಗ್ರೀನ್‌ವುಡ್ ಸುಮಾರು 50 ನಿಮಿಷ ಸದ್ದು ಮಾಡಿ ಕೊಟ್ಟ ರೆಕಾರ್ಡಿಂಗಿನಿಂದ ಯಾರ್ಕ್ ಚೂರೇ ಚೂರು ಹೆಕ್ಕಿ ಹಾಡು ಕಟ್ಟಿದ್ದು. ಡ್ರಮ್ ಯಂತ್ರದ್ದು, ಒಣಕಲು, ಕರುಣೆ ಇಲ್ಲದ್ದು. ಅದರ ಮೇಲೆ ಆ ಸ್ವರಮೇಳ ಮಂಜು ಕವಿದ ಹಾಗೆ ಬಂದು ಹೋಗ್ತದೆ. ಕೇಳುವಾಗ ಡ್ರಮ್ ಬಿಟ್ಟು ಮೇಳಕ್ಕೇ ಕಿವಿ ಕೊಡಿ.

ಘಟ್ಟದ ಬಸ್ಸು, ಕುಮಟಾ

ಎಲ್ಲರೂ ಮನೆಯಲ್ಲಿ ಕೂತು ಕೇಳೋ ಲೆಕ್ಕದಲ್ಲೇ ಹೇಳಿದ್ರಿ. ದಾರಿಯಲ್ಲಿ ಕೇಳೋರಿಗೆ ಎರಡು ಮಾತು.

ಬಸ್ಸಿನ ಇಂಜಿನ್ ಗುಂಯ್‌ಗುಟ್ಟೋದು ತಗ್ಗು ಸ್ವರದಲ್ಲಿ, ಅದು ಬಾಸನ್ನು ನುಂಗ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳೋ ಮಳೆ ಮೇಲಿನ ಸ್ವರವನ್ನೂ ಮೆಲುದನಿಯನ್ನೂ ನುಂಗ್ತದೆ. ಹಾಗಾಗಿ ಬಸ್ಸಲ್ಲಿ ‘ನ್ಯಾಷನಲ್ ಆಂಥಮ್’ ಸಪ್ಪೆ, ಮಳೆಯಲ್ಲಿ ‘ಟ್ರೀಫಿಂಗರ್ಸ್’ ಕಾಣೆ. ಇಂಜಿನ್ ಸದ್ದಿಗೆ ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ಕೆಲಸ ಮಾಡ್ತದೆ, ಮಳೆಗೆ ಅಷ್ಟು ಉಪಯೋಗ ಇಲ್ಲ. ಮಳೆಗೆ ಕಿವಿ ಮುಚ್ಚುವ ಸಿಲಿಕಾನ್ ತುದಿಯೇ ಬೇಕು. ತುದಿ ಸಡಿಲ ಇದ್ರೆ ಬಾಸ್ ಸೋರಿ ಹೋಗ್ತದೆ, ಆಗ ಈಕ್ವಲೈಸರಲ್ಲಿ ಬಾಸ್ ಏರಿಸಿ ಪ್ರಯೋಜನ ಇಲ್ಲ, ಒಂದು ಅಳತೆ ದೊಡ್ಡ ತುದಿ ಹಾಕಿ. ಬರೀ ಮೊಬೈಲ್ ಸ್ಪೀಕರಲ್ಲಂತೂ ಈ ಆಲ್ಬಮ್ ಬೇಡವೇ ಬೇಡ. ಬಾಸ್ ಗಿಟಾರಿನ ಕೆಳತಂತಿ 41 ಹರ್ಟ್ಸ್, ಆ ಪುಟ್ಟ ಸ್ಪೀಕರಿನಿಂದ ಅದು ಹೊರಡೋದೇ ಇಲ್ಲ. ಒಂಟಿ ಬ್ಲೂಟೂತ್ ಡಬ್ಬಿಗಳಲ್ಲಿ ಹಲವು ಎಡ-ಬಲ ಎರಡನ್ನೂ ಕೂಡಿಸಿ ಒಂದೇ ಮಾಡ್ತವೆ, ಮೊದಲ ಹಾಡಲ್ಲಿ ದನಿಯ ಚೂರುಗಳು ಆಚೆಈಚೆ ಹಾರೋದು ಅಲ್ಲಿ ಸಿಗಲ್ಲ.

ಆ್ಯಪಿನಲ್ಲಿ ಒಂದು ಹಾಡಿನ ಬಾಲದ ಮೇಲೆ ಇನ್ನೊಂದನ್ನು ಹೊದಿಸೋ ಕ್ರಾಸ್‌ಫೇಡ್ ಸೊನ್ನೆ ಮಾಡಿ, ನಡುವೆ ಬಿಡುವಿಲ್ಲದೆ ಓಡಿಸೋ ಗ್ಯಾಪ್‌ಲೆಸ್ ಆನ್ ಮಾಡಿ. ‘ಆಪ್ಟಿಮಿಸ್ಟಿಕ್’ನ ಕೊನೆ ಹಾಗೇ ‘ಇನ್ ಲಿಂಬೋ’ಗೆ ಜಾರ್ತದೆ, ನಡುವೆ ಅರ್ಧ ಸೆಕೆಂಡ್ ಕತ್ತಲು ಬಂದ್ರೂ ಆ ಜಾರು ಹಾಳು. ಫೋನಿನ ತ್ರೀಡಿ ಸೌಂಡ್ ಥರದ್ದೆಲ್ಲ ಬಂದ್ ಮಾಡಿ. ಶಿರಸಿ-ಕುಮಟಾ ಘಟ್ಟದಲ್ಲಿ ಸಿಗ್ನಲ್ ಬಂದು ಹೋಗಿ ಮಾಡ್ತದೆ, ಹೊರಡೋ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಇಡೀ ಆಲ್ಬಮ್ ಸುಮಾರು 50 ನಿಮಿಷ. 320 ಕೆಬಿಪಿಎಸ್ ಆದ್ರೆ 120 ಎಂಬಿ, 160 ಆದ್ರೆ 60 ಎಂಬಿ.

ಕೊನೇದು ಖಾಲಿ ಓಡೋದು ಕೆಟ್ಟದ್ದಲ್ಲ. ‘ಮೋಷನ್ ಪಿಕ್ಚರ್ ಸೌಂಡ್‌ಟ್ರ್ಯಾಕ್’ ಕಾಲಲ್ಲಿ ಗಾಳಿ ತುಂಬುವ ಹಾರ್ಮೋನಿಯಂ ಮೇಲೆ ಶುರುವಾಗೋ ಹಾಡು, ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ಜಾತಿಯದ್ದೇ. ಅದು ಮುಗಿದು ಸುಮಾರು ಒಂದು ನಿಮಿಷ ಮೌನ, ಆಮೇಲೆ ಹೆಸರಿಲ್ಲದ ಪುಟ್ಟ ತುಣುಕೊಂದು ಅಲೆಯ ಹಾಗೆ ಎದ್ದು ಹೋಗ್ತದೆ, ಮತ್ತೆ ಮೌನ. ಹಾಡು ಮುಗೀತು ಅಂತ ಸ್ಟಾಪ್ ಒತ್ತಿದವರಿಗೆ ಅದು ಸಿಗಲ್ಲ. ಅದಕ್ಕೇ ವಾಲ್ಯೂಮ್ ಏರಿಸಿಟ್ಟು ಕಾಯಬೇಡಿ, ಇದ್ದಲ್ಲೇ ಇರಲಿ.

ಗಂಗಾವಳಿ, ಅಂಕೋಲಾ

ಕಾಳಿತೀರ, ಬಲದ್ದು ಗಟ್ಟಿ ಇದೆ ಅಂತ ಒಂದೇ ಬಳೆ ತರಿಸಬೇಡಿ ತಮ್ಮಾ. ಎರಡೂ ಒಂದೇ ವಯಸ್ಸಿನವು, ಬಲದ್ದೂ ಹಿಂದೆಯೇ ಬರ್ತದೆ. ಜೋಡಿಗೇ ಹಾಕಿ, ಇಲ್ಲದಿದ್ರೆ ಹೊಸ ಬಳೆಯ ಬಿಗಿ, ಹಳೇ ಬಳೆಯ ಸಡಿಲು ಸೇರಿ ಎಡ-ಬಲದ ಬಾಸ್ ಬೇರೆ ಬೇರೆ ಆಗ್ತದೆ. ಬಿಚ್ಚುವ ಮೊದಲು ವಯರಿನ ಪ್ಲಸ್ ಮೈನಸ್ ಗುರುತು ಹಾಕ್ಕೊಳ್ಳಿ. ಒಂದು ಬದಿ ಉಲ್ಟಾ ಆದ್ರೂ ‘ನ್ಯಾಷನಲ್ ಆಂಥಮ್’ನ ಬಾಸ್ ಎರಡೂ ಸ್ಪೀಕರಿನ ನಡುವೆ ಕರಗಿ ಹೋಗ್ತದೆ. ಮತ್ತೆ ಸ್ಪೀಕರನ್ನು ಆ ಕಿಟಕಿಯಿಂದ ಎದುರು ಗೋಡೆಗೆ ಸರಿಸಿ, ಗೋಡೆಯಿಂದ ಒಂದು ಗೇಣಾದ್ರೂ ಮುಂದೆ ಇರಲಿ.